ಹಿತ್ತಾಳೆ ಕುಂಡದ ಪತ್ರಿ ಗಿಡ

ಆದೋನಿಯ ಹತ್ತಿ ವ್ಯಾಪಾರಿ ಸಿದ್ದಬಸಪ್ಪನವರ ಮನೆಯಲ್ಲಿ ಪಕೀರಮ್ಮ ಹದಿನೆಂಟು ವರ್ಷ ಕಸ ಹೊಡೆದಿದ್ದಳು, ನೀರು ಸೇದಿದ್ದಳು, ಗಿಡಗಳನ್ನು ನೋಡಿಕೊಂಡಿದ್ದಳು. ಅಷ್ಟು ವರ್ಷ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಂಡಿರದ ಹೆಂಗಸಿನ ಮೇಲೆ ಅಂಥ ಮಾತು ಬಂದದ್ದು ಯುಗಾದಿ ಕಳೆದ ಮೂರನೇ ಸೋಮವಾರ ಬೆಳಿಗ್ಗೆ, ಎಂಟು ಜನರ ಎದುರಿಗೆ.

ಎಂಟು ಜನ ಎಂಬುದು ಅಂದಾಜಿನ ಲೆಕ್ಕವಲ್ಲ. ಆಮೇಲೆ ಎಷ್ಟೋ ದಿನ ಅವಳು ಅವರನ್ನು ಬೆರಳು ಮಡಚಿ ಎಣಿಸಿದ್ದಳು. ಹತ್ತಿ ದಲಾಲರು ಇಬ್ಬರು, ಆಸ್ಪರಿ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ ರೈತರು ಮೂವರು, ಗುಮಾಸ್ತ ಮರಿಬಸಪ್ಪ, ಸಾಹುಕಾರರ ಹಿರಿಯ ಸೋದರಿ ಅಕ್ಕನಾಗಮ್ಮ, ಮತ್ತೆ ಒಳಬಾಗಿಲ ಹತ್ತಿರ ಸಾಹುಕಾರರ ಹೆಂಡತಿ ಗುರುಶಾಂತಮ್ಮ.

ಪಡಸಾಲೆಯ ಕಂಬದ ಪಕ್ಕದಲ್ಲಿ ಹೊಸ ಹಿತ್ತಾಳೆಯ ಕುಂಡವಿತ್ತು. ಅದರಲ್ಲಿ ಎದೆಮಟ್ಟದ ಬಿಲ್ವಪತ್ರಿ ಗಿಡ. ಗಿಡದ ಎಲೆಗಳೆಲ್ಲ ಹಳದಿಯಾಗಿ ನೆಲಕ್ಕೆ ಬಿದ್ದಿದ್ದವು. ಉಳಿದ ನಾಲ್ಕಾರು ಎಲೆಗಳೂ ಕೈ ತಾಕಿದರೆ ಉದುರುವಂತಿದ್ದವು. ಅಕ್ಕನಾಗಮ್ಮ ಬಿದ್ದ ಎಲೆಯೊಂದನ್ನು ಎತ್ತಿ ತಮ್ಮನಿಗೆ ತೋರಿಸಿ, "ಇದು ನೀರಿಲ್ಲದ ಒಣಗಿದ್ದಲ್ಲಪ. ದಿನಾ ನಾನಽ ನೀರು ಹಾಕೀನಿ. ಯಾರೋ ಹೊರಗಾದೋರು ಮುಟ್ಟ್ಯಾರ" ಎಂದರು.

ಸಿದ್ದಬಸಪ್ಪ ಮೆಟ್ಟಿಲು ಗುಡಿಸುತ್ತಿದ್ದ ಪಕೀರಮ್ಮನ ಕಡೆ ತಿರುಗಿದರು.

"ಏನಬೇ, ಮುಟ್ಟಾದಾಗ ಗಿಡ ಮುಟ್ಟಿದ್ದೇನು?"

ಪಕೀರಮ್ಮನ ಕೈಯಲ್ಲಿನ ಪೊರಕೆ ನಿಂತಿತು. ಅವಳಿಗೆ ಐವತ್ತೆರಡು ವರ್ಷ. ಮುಟ್ಟು ನಿಂತು ಮೂರು ವರ್ಷ ಕಳೆದಿತ್ತು. ಆದರೆ ಅದನ್ನು ಹೇಗೆ ಹೇಳುವುದು? ಮೀಸೆ ಹೊತ್ತ ಅಷ್ಟು ಗಂಡಸರ ಮುಂದೆ, ಬೆಳ್ಳಂಬೆಳಿಗ್ಗೆ, ಬೀದಿಗೆ ಬಾಯಿ ತೆರೆದ ಪಡಸಾಲೆಯಲ್ಲಿ ನಿಂತು? ಅವಳು ಗುರುಶಾಂತಮ್ಮನನ್ನು ನೋಡಿದಳು.

ಗುರುಶಾಂತಮ್ಮನಿಗೆ ಗೊತ್ತಿತ್ತು. ಇಬ್ಬರಿಗೂ ಒಂದೇ ವಯಸ್ಸು, ಇಬ್ಬರಿಗೂ ನಿಂತದ್ದು ಒಂದೇ ವರ್ಷ. ಆ ಬೇಸಿಗೆಯಲ್ಲಿ ಮೈಯೆಲ್ಲ ಬೆಂಕಿಯಾಗುತ್ತದೆ, ನಿದ್ದೆ ಬರುವುದಿಲ್ಲ ಎಂದು ಗುರುಶಾಂತಮ್ಮ ಬಾವಿಕಟ್ಟೆಯ ಮೇಲೆ ಕೂತು ಅತ್ತಾಗ, "ನನಗೂ ಹಂಗಽ ಆಗಾಕ ಹತ್ತೇತ್ರಿ ಅವ್ವಾರೆ, ಮೆಂತೆ ನೆನೆಹಾಕಿ ಮಜ್ಜಿಗ್ಯಾಗ ಕುಡೀರಿ" ಎಂದು ಹೇಳಿ, ತಾನೇ ಮಾಡಿಯೂ ಕೊಟ್ಟವಳು ಪಕೀರಮ್ಮ. ಈಗ ಗುರುಶಾಂತಮ್ಮ ಒಂದು ಮಾತು ಆಡಿದ್ದರೆ ಸಾಕಿತ್ತು. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತಾ ನಿಂತರು.

"ಬಾಯಿ ಬರಂಗಿಲ್ಲ ನೋಡು. ಮುಟ್ಟ್ಯಾಳ" ಎಂದರು ಅಕ್ಕನಾಗಮ್ಮ.

"ನಾಳಿಂದ ಈ ಕಡಿ ಕಾಲಿಡಬ್ಯಾಡ" ಎಂದರು ಸಿದ್ದಬಸಪ್ಪ.

ಪಕೀರಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ, ಸೆರಗು ಬಿಗಿದು ಮೆಟ್ಟಿಲಿಳಿದು ನಡೆದಳು.

ಗಿಡ ಯಾಕೆ ಬಾಡಿತು ಎಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅದೇ ಅವಳ ಹೊಟ್ಟೆಯನ್ನು ಹೆಚ್ಚು ಉರಿಸಿದ್ದು.

ನಾಲ್ಕು ವರ್ಷದ ಹಿಂದೆ ಆ ಮನೆತನದ ಗುರುಗಳು ಪಾದಪೂಜೆಗೆ ಬಂದಾಗ ಬೆರಳುದ್ದದ ಸಸಿಯೊಂದನ್ನು ಕೊಟ್ಟು, "ಮುಂದಿನ ಸಲ ಬಂದಾಗ ಇದರ ಪತ್ರಿಯಿಂದಲೇ ಪೂಜೆಯಾಗಲಿ" ಎಂದಿದ್ದರು. ಮನೆಯ ಅಂಗಳಕ್ಕೆಲ್ಲ ಕಲ್ಲು ಹಾಸಿದ್ದರಿಂದ ನೆಡಲು ಮಣ್ಣೇ ಇರಲಿಲ್ಲ. ಪಕೀರಮ್ಮ ಬಾಯಿ ಒಡೆದ ಮಣ್ಣಿನ ಬಾನಿಯೊಂದಕ್ಕೆ ಅಡಿಯಲ್ಲಿ ತೂತು ಮಾಡಿ, ಕೆಂಪು ಮಣ್ಣಿಗೆ ಹಳ್ಳದ ಮರಳು, ಹಳೆಯ ಕುರಿಹಿಕ್ಕೆ ಬೆರೆಸಿ ಸಸಿ ಇಟ್ಟಿದ್ದಳು. ಮೇಲಿನಿಂದ ಬೆಳಕು ಬೀಳುವ ಒಳ ಅಂಗಳದಲ್ಲಿ ಅದು ಸುಖವಾಗಿ ಬೆಳೆಯಿತು. ಮುಳ್ಳಿನಿಂದ ಗೀರಿದ ಅವಳ ಕೈಯೇ ಅದಕ್ಕೆ ಸಾಕ್ಷಿ.

ಗಿಡ ಬಾಡಿದ ವರ್ಷ ಯುರೋಪಿನಲ್ಲಿ ಯುದ್ಧ ಶುರುವಾಗಿ ಹತ್ತಿಯ ಧಾರಣೆ ಏರಿಳಿಯುತ್ತಿತ್ತು. ಸಿದ್ದಬಸಪ್ಪ ಮುಂಬಯಿಗೆ ಹೋದವರು ರೈಲಿನಲ್ಲಿ ಒಂದು ಹಿತ್ತಾಳೆಯ ಕುಂಡ ತಂದರು. ಎರಡೂ ಕಡೆ ಬಳೆ ಕಚ್ಚಿಕೊಂಡ ಸಿಂಹದ ಮುಖ, ಉಜ್ಜಿದರೆ ಮುಖ ಕಾಣುವಂಥ ಹೊಳಪು. ಶ್ರಾವಣದಲ್ಲಿ ಗುರುಗಳು ಬರುವವರಿದ್ದರು. ಪತ್ರಿ ಗಿಡ ಒಡಕು ಬಾನಿಯಲ್ಲಿರುವುದು ತಮ್ಮ ಅಂತಸ್ತಿಗೆ ಕಡಿಮೆ ಎಂದು ಅವರಿಗನ್ನಿಸಿತು.

"ಸಾವ್ಕಾರ್ರೆ, ಇದಕ್ಕ ತೂತಿಲ್ರಿ. ಹಾಕಿದ ನೀರು ಎಲ್ಲಿಗೆ ಹೋಗಬೇಕು?" ಎಂದು ಪಕೀರಮ್ಮ ಅವತ್ತೇ ಕೇಳಿದ್ದಳು.

"ತೂತು ಹೊಡದ್ರ ಇಂಥ ಸಾಮಾನು ಕೆಡಂಗಿಲ್ಲೇನು? ಕುರಿ ಮಂದಿಗೆ ಇದೆಲ್ಲ ಏನು ತಿಳಿತೈತಿ."

"ಬಿಸಲು ಬಾಳ ಐತ್ರಿ. ಮಳಿ ಬೀಳಾತನಕ ಆದ್ರೂ ತಡೀರಿ."

"ಯುಗಾದಿ ದಿನ ಒಳ್ಳೇದೈತಿ. ಸುಮ್ನಿರು."

ಮರಿಬಸಪ್ಪ ಹಾರೆಯಿಂದ ಬಾನಿ ಒಡೆದ. ಬೇರು ದೊಡ್ಡದಾಯಿತು, ಕುಂಡಕ್ಕೆ ಹಿಡಿಯುವುದಿಲ್ಲ ಎಂದು ಕುಡುಗೋಲಿನಿಂದ ಸುತ್ತಲೂ ಕತ್ತರಿಸಿದ. ಹೊಲದಿಂದ ತಂದ ಎರೆಮಣ್ಣನ್ನು ತುಂಬಿ, ಸೊಂಪಾಗಿ ಬರಲೆಂದು ಹಸಿ ಶೇಂಗಾ ಹಿಂಡಿಯನ್ನೂ ಸೇರಿಸಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದ. ಕುಂಡವನ್ನು ಬರುವವರಿಗೆಲ್ಲ ಕಾಣಲೆಂದು ಪಡಸಾಲೆಯಲ್ಲಿ ಇಟ್ಟರು. ಮಧ್ಯಾಹ್ನದ ಬಿಸಿಲಿಗೆ ಹಿತ್ತಾಳೆ ಮುಟ್ಟಲಾಗದಷ್ಟು ಕಾಯುತ್ತಿತ್ತು. ಸಾಲದ್ದಕ್ಕೆ ಅಕ್ಕನಾಗಮ್ಮ ದಿನವೂ ಲಿಂಗಪೂಜೆ ಮುಗಿಸಿ ಅಭಿಷೇಕದ ಹಾಲನ್ನೂ ನೀರನ್ನೂ ಭಕ್ತಿಯಿಂದ ಅದರೊಳಗೇ ಸುರಿಯುತ್ತಿದ್ದರು. ಹೊರಗೆ ಹೋಗಲು ದಾರಿಯಿಲ್ಲದ ನೀರು ಒಳಗೇ ಕೊಳೆಯಿತು.

ಇಷ್ಟು ಜನ ಸೇರಿ ಗಿಡವನ್ನು ಕೊಂದು, ಕೊಂದವಳು ನೀನು ಎಂದು ಅವಳ ಕಡೆ ಬೆರಳು ತೋರಿಸಿದ್ದರು.

ಕುರುಬರ ಓಣಿಯ ಮನೆಯಲ್ಲಿ ಸೊಸೆ ಮೂಕಮ್ಮ ಒಬ್ಬಳೇ ಇದ್ದಳು. ಪಕೀರಮ್ಮನ ಗಂಡ ಉಚ್ಚೀರಪ್ಪ ಮಗನ ಜೊತೆ ಕುರಿ ಹೊಡೆದುಕೊಂಡು ಹಸಿರು ಹುಡುಕುತ್ತಾ ತುಂಗಭದ್ರೆಯ ದಂಡೆಗೆ ಹೋಗಿದ್ದ. ಹೆಸರು ಮೂಕಮ್ಮನಾದರೂ ಸೊಸೆಯ ಬಾಯಿ ಸುಮ್ಮನಿರುವುದಲ್ಲ.

"ಅತ್ತಿ, ನೀನು ಅಲ್ಲೇ ಹೇಳಬೇಕಿತ್ತು. ನನಗ ನಿಂತು ಮೂರು ವರ್ಷ ಆತು ಅಂತ."

"ಗಂಡಸರ ಮುಂದ ನನ್ನ ಸೀರಿ ಒಳಗಿನ ಸಂಗತಿ ಹೇಳಿ ನಾನು ಒಳ್ಳೆಯಾಕಿ ಅನ್ನಿಸಿಕೊಳ್ಳಬೇಕೇನು?" ಎಂದು ಪಕೀರಮ್ಮ ಕೂಗಿದಳು. "ಅವರ ಹಿಂಡಿ, ಅವರ ಕುಡುಗೋಲು, ಅವರ ಹಾಲು. ಅವ್ಯಾವೂ ಕಾಣಲಿಲ್ಲ. ಕಂಡಿದ್ದು ನನ್ನ ಮೈ ಒಂದಽ!"

ಮಾತು ಅಲ್ಲಿಗೇ ನಿಲ್ಲಲಿಲ್ಲ. ಮರುದಿನ ಪಕೀರಮ್ಮ ನೀರು ಹಾಕುತ್ತಿದ್ದ ಇನ್ನೊಂದು ಮನೆಯ ಗುರುಲಿಂಗಮ್ಮ ಬಾಗಿಲಲ್ಲೇ ತಡೆದು, "ನಮ್ಮ ಹಿತ್ತಲದಾಗ ಪೂಜಿ ಹೂವು ಅದಾವ ಪಕೀರವ್ವ. ಬ್ಯಾಸರ ಮಾಡಿಕೋಬ್ಯಾಡ" ಎಂದು ನಯವಾಗಿಯೇ ಕಳಿಸಿದಳು. ಬಾವಿಯ ಹತ್ತಿರ ನಾಲ್ಕು ಹೆಂಗಸರು ಮಾತಾಡುತ್ತಿದ್ದವರು ಅವಳನ್ನು ಕಂಡು ಸುಮ್ಮನಾದರು. ಮೂವತ್ತು ವರ್ಷ ಮಣ್ಣು ಮುಟ್ಟಿದ ಕೈ ಅದು. ಅವಳು ಚುಚ್ಚಿದ ಕಡ್ಡಿಯೂ ಚಿಗುರುತ್ತದೆ ಎಂದು ಇದೇ ಹೆಂಗಸರು ದಾಸವಾಳ, ಮಲ್ಲಿಗೆಯ ತುಂಡು ಹಿಡಿದು ಬರುತ್ತಿದ್ದರು.

ನಾಲ್ಕನೇ ದಿನ ಅವಳು ಸಗಣಿ ಬುಟ್ಟಿ ಹೊತ್ತು ಊರ ಹೊರಗಿನ ತಿಪ್ಪೆಯ ದಾರಿಯಲ್ಲಿ ಬರುತ್ತಿದ್ದಾಗ ಮರಿಬಸಪ್ಪ ಎದುರಾದ. ಕೈಯಲ್ಲಿ ಬುಡಸಮೇತ ಕಿತ್ತ ಪತ್ರಿ ಗಿಡ. ಅದನ್ನು ಅವನು ಕಾಲು ಕಟ್ಟಿದ ಕೋಳಿಯಂತೆ ತಲೆಕೆಳಗಾಗಿ ಹಿಡಿದಿದ್ದ.

"ಎಲ್ಲಿಗಪ ಇದು?"

"ತಿಪ್ಪಿಗೆ. ಸತ್ತೈತಲ್ಲ." ಮರಿಬಸಪ್ಪ ಆಚೀಚೆ ನೋಡಿ ದನಿ ಇಳಿಸಿದ. "ಬಳ್ಳಾರಿಯಿಂದ ಇಷ್ಟಽ ಎತ್ತರದ ಗಿಡ ತರಿಸ್ತಾರಂತ. ಗುರುಗಳಿಗೆ ಇದಽ ಅದು ಅಂತ ತೋರಿಸೋದು. ನೀನು ಯಾರ ಮುಂದೂ ಬಾಯಿ ಬಿಡಬ್ಯಾಡ."

ಪಕೀರಮ್ಮ ಬುಟ್ಟಿ ಇಳಿಸಿದಳು. "ಅಂದ್ರ ನನ್ನ ಮ್ಯಾಲಿನ ಮಾತೂ ಸುಳ್ಳು, ಗಿಡಾನೂ ಸುಳ್ಳು. ಬೇರು ಕಡದೋನು ನೀನು. ಅವತ್ತು ನಿನ್ನ ಬಾಯಿಗೆ ಏನಾಗಿತ್ತೋ?"

"ನಾನೇನು ಮಾಡ್ಲಿ ಬೇ. ಅವರು ಹೇಳಿದಂಗ ಮಾಡ್ದೆ. ನನ್ನ ಹೊಟ್ಟಿ ಪಾಡು."

"ನನಗ ಹೊಟ್ಟಿ ಇಲ್ಲೇನು?"

ಅವಳು ಗಿಡವನ್ನು ಅವನ ಕೈಯಿಂದ ಕಿತ್ತುಕೊಂಡಳು. ಕಾಂಡದ ತುದಿಯನ್ನು ಉಗುರಿನಿಂದ ಕೆರೆದಳು. ಒಣ ಕಂದು ಬಣ್ಣ. ಒಂದು ಗೇಣು ಕೆಳಗೆ ಕೆರೆದಳು, ಅಲ್ಲೂ ಕಂದು. ಇನ್ನೂ ಕೆಳಗೆ, ಬುಡದಿಂದ ಒಂದು ಮೊಳ ಎತ್ತರದಲ್ಲಿ ಕೆರೆದಾಗ ತೊಗಟೆಯ ಅಡಿಯಲ್ಲಿ ಒಂದಿಷ್ಟು ಹಸಿರು ಕಂಡಿತು. ಅವಳು ಮರಿಬಸಪ್ಪನಿಗೆ ಅದನ್ನು ತೋರಿಸಲಿಲ್ಲ. "ತಿಪ್ಪಿಗೆ ಒಗದೆ ಅಂತ ಹೇಳು, ಹೋಗು" ಎಂದು ಗಿಡವನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಬೇರಿನ ಗಡ್ಡೆಯಿಂದ ಹಳಸಿದ ಮಜ್ಜಿಗೆಯ, ಸತ್ತ ಇಲಿಯ ವಾಸನೆ ಬರುತ್ತಿತ್ತು. ಮೂಕಮ್ಮ ಮೂಗು ಮುಚ್ಚಿಕೊಂಡಳು. ಪಕೀರಮ್ಮ ಅಗಲ ಬಾಯಿಯ ಮಡಕೆಯಲ್ಲಿ ನೀರು ತುಂಬಿ ಅದರಲ್ಲಿ ಬೇರನ್ನು ಅಲ್ಲಾಡಿಸಿದಳು. ಎರೆಮಣ್ಣು ಹೆಂಟೆ ಹೆಂಟೆಯಾಗಿ ಬಿಟ್ಟುಕೊಂಡಿತು. ಹಿಂಡಿ ತಾಕಿದ ಕಡೆ ಬೇರು ಬೆಂದಂತೆ ಕಪ್ಪಾಗಿತ್ತು, ಬೆರಳಿನಿಂದ ಒತ್ತಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಕೊಳೆತದ್ದನ್ನೆಲ್ಲ ಚೂಪಾದ ಚಾಕುವಿನಿಂದ ಬಿಳಿ ಕಾಣುವ ತನಕ ಕತ್ತರಿಸಿದಳು. ಕೊನೆಗೆ ಉಳಿದದ್ದು ಒಂದು ದಪ್ಪ ಬೇರು, ನಾಲ್ಕು ಎಳೆಗಳು. ಗಾಯಕ್ಕೆ ಅರಿಶಿನ, ಒಲೆಯ ಬೂದಿ ಹಚ್ಚಿದಳು. ಮೇಲಿನ ಒಣಕೊಂಬೆಯನ್ನೂ ಹಸಿರಿನ ತನಕ ಕಡಿದಳು. ಎದೆಮಟ್ಟದ ಗಿಡ ಒಂದು ಮೊಳದ ಕೋಲಾಯಿತು.

ಅಡಿ ತೂತುಬಿದ್ದ ಗಡಿಗೆಯೊಂದು ಮೂಲೆಯಲ್ಲಿತ್ತು. ತೂತಿನ ಮೇಲೆ ಹೆಂಚಿನ ಚೂರುಗಳನ್ನು ಬೋರಲು ಹಾಕಿ, ಮೂರು ಪಾಲು ಹಳ್ಳದ ಮರಳಿಗೆ ಒಂದು ಪಾಲು ಕೆಂಪು ಮಣ್ಣು ಬೆರೆಸಿ ಸಡಿಲವಾಗಿ ತುಂಬಿದಳು.

"ಕುರಿಹಿಕ್ಕಿ ಹಾಕಂಗಿಲ್ಲೇನು ಅತ್ತಿ? ಕೈತುಂಬ ಐತಿ."

"ಜ್ವರ ಬಂದೋರಿಗೆ ಹೋಳಿಗಿ ತಿನ್ನಸ್ತಾರೇನು? ಮೊದಲು ಉಸಿರಾಡ್ಲಿ."

ಜಂತಿಯ ನೆರಳಿನಲ್ಲಿ, ಬೆಳಕು ಬೀಳುವ ಆದರೆ ಬಿಸಿಲು ತಾಕದ ಕಡೆ ಗಡಿಗೆ ಇಟ್ಟಳು. ಕೋಲಿನ ಸುತ್ತ ಒದ್ದೆ ಗೋಣಿತಟ್ಟು ಸುತ್ತಿದಳು. ಬೆರಳಿನ ಒಂದು ಗೆಣ್ಣು ಮಣ್ಣಿಗೆ ತೂರಿಸಿ, ಒಣಗಿದ್ದರೆ ಮಾತ್ರ ಒಂದು ಬೊಗಸೆ ನೀರು. ಹಸಿ ಇದ್ದರೆ ಇಲ್ಲ.

ದಿನವೂ ಅದರ ಮುಂದೆ ಕೂತಾಗ ಅವಳಿಗೆ ಗಿಡದ ಮೇಲೆ ಮರುಕವೇನೂ ಬರುತ್ತಿರಲಿಲ್ಲ. ಸಿಟ್ಟೇ ಬರುತ್ತಿತ್ತು. "ನೀನು ಸತ್ರ ಆ ಮುದುಕಿ ಮಾತು ಖರೇ ಆಗತೈತಿ. ಪಕೀರಿ ಮುಟ್ಟಿದ್ಲು, ಅದಕ್ಕಽ ಸತ್ತಿತು ಅಂತ ಊರು ಆಡತೈತಿ. ಸಾಯಂಗಿಲ್ಲ ನೀನು, ತಿಳೀತೇನು?" ಎಂದು ಅವಳು ಬೈಯುವುದನ್ನು ಕೇಳಿ ಮೂಕಮ್ಮ ಒಳಗೆ ನಗುತ್ತಿದ್ದಳು.

ಹತ್ತು ದಿನ ಕಳೆಯಿತು, ಹದಿನೈದು ಕಳೆಯಿತು. ಕೋಲು ಕೋಲಾಗಿಯೇ ಇತ್ತು. ಇಪ್ಪತ್ತೊಂದನೇ ದಿನ ತೊಗಟೆ ಸೀಳಿಕೊಂಡು ಸಾಸಿವೆಕಾಳಿನಷ್ಟು ಮೊಗ್ಗೊಂದು ಹೊರಬಂತು. ಪಕೀರಮ್ಮ ಆ ಖುಷಿಯಲ್ಲಿ ನಿಯಮ ಮರೆತು ಒಂದು ತಂಬಿಗೆ ನೀರು ಸುರಿದುಬಿಟ್ಟಳು. ಮರುದಿನ ಬಿಸಿಗಾಳಿಯೂ ಬೀಸಿತು. ಸಂಜೆಗೆ ಮೊಗ್ಗು ಕಪ್ಪಾಗಿ ಉದುರಿತು. ಅವತ್ತು ಅವಳು ಊಟ ಮಾಡಲಿಲ್ಲ.

"ನಾನೂ ಅವರಂಗಽ ಮಾಡ್ದೆ ನೋಡು. ಪ್ರೀತಿ ಬಂತು ಅಂತ ನೀರು ಸುರುವಿದೆ" ಎಂದು ತನ್ನ ಕೈಯನ್ನು ತಾನೇ ಹೊಡೆದುಕೊಂಡಳು. ಉಗುರಿನಿಂದ ಕೆರೆದು ನೋಡಿದಳು. ಹಸಿರು ಇನ್ನೂ ಇತ್ತು. ಗಂಡನ ಹಳೆಯ ಕಂಬಳಿಯನ್ನು ಗಾಳಿ ಬರುವ ಕಡೆಗೆ ತಡಿಕೆಯಂತೆ ಕಟ್ಟಿ, ಐದು ದಿನ ನೀರನ್ನೇ ಹಾಕಲಿಲ್ಲ.

ಆಮೇಲೆ ಮತ್ತೆ ಒಂದು ಕಣ್ಣು ಒಡೆಯಿತು. ಅದರ ಕೆಳಗೆ ಇನ್ನೊಂದು. ಕಾರಹುಣ್ಣಿಮೆಯ ಹೊತ್ತಿಗೆ ಮೊದಲ ಮಳೆ ಬಂದು ಗಾಳಿ ತಂಪಾದಾಗ, ಐದು ಕಡೆ ತಾಮ್ರದ ಬಣ್ಣದ ಚಿಗುರು ಬಿಟ್ಟಿತು. ಒಂದೊಂದರಲ್ಲೂ ಮೂರು ಮೂರು ಎಳೆಯ ದಳ. ಆಗ ಮಾತ್ರ ಅವಳು ಒಂದು ಹಿಡಿ ಹಳೆಯ ಹಿಕ್ಕೆಯನ್ನು ಪುಡಿಮಾಡಿ ಮೇಲೆ ಉದುರಿಸಿದಳು.

ಕುರಿ ಹೊಡೆದುಕೊಂಡು ವಾಪಸು ಬಂದ ಉಚ್ಚೀರಪ್ಪ ಎಲ್ಲವನ್ನೂ ಕೇಳಿ, ಗಡಿಗೆಯನ್ನು ನೋಡಿ, "ಬದುಕಿಸಿದಿ. ಸಾಕು ಬಿಡು ಇನ್ನ. ದೊಡ್ಡೋರ ಸವಾಸ ನಮಗ್ಯಾಕ?" ಎಂದ.

"ನಿನ್ನ ಮ್ಯಾಲೆ ಕುರಿ ಕದ್ದ ಅಂತ ಅಂದಿದ್ರ ಸುಮ್ನಿರ್ತಿದ್ದೇನು?" ಎಂದಳು ಪಕೀರಮ್ಮ. ಉಚ್ಚೀರಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ.

ಶ್ರಾವಣದ ಎರಡನೇ ಸೋಮವಾರ ಗುರುಗಳು ಬಂದರು. ಪಕೀರಮ್ಮ ತಲೆ ಬಾಚಿ, ತೊಳೆದ ಇಳಕಲ್ ಸೀರೆ ಉಟ್ಟು, ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಹೊರಟಳು. ಹದಿನೆಂಟು ವರ್ಷ ಹಿತ್ತಲ ಬಾಗಿಲಿನಿಂದ ಹೋಗಿ ಬಂದವಳು ಅವತ್ತು ಮುಂದಿನ ಬೀದಿಯಿಂದಲೇ ನಡೆದು ಪಡಸಾಲೆಯ ಮೆಟ್ಟಿಲು ಹತ್ತಿದಳು.

ಪಡಸಾಲೆ ತುಂಬಿತ್ತು. ಚೌಕಿಯ ಮೇಲೆ ಗುರುಗಳು ಕೂತಿದ್ದರು. ಬಲಕ್ಕೆ ಹಿತ್ತಾಳೆಯ ಕುಂಡ, ಅದರಲ್ಲಿ ಬಳ್ಳಾರಿಯಿಂದ ತರಿಸಿದ ಗಿಡ. ಸಿದ್ದಬಸಪ್ಪ ಕೈ ಮುಗಿದು, "ತಾವು ಕೊಟ್ಟ ಸಸೀನಽ ಬುದ್ಧಿ. ನೋಡ್ರಿ, ಎಷ್ಟೆತ್ತರ ಬೆಳದೈತಿ" ಎನ್ನುತ್ತಿದ್ದರು.

"ಸುಳ್ಳು" ಎಂದಳು ಪಕೀರಮ್ಮ.

ಎಲ್ಲರೂ ತಿರುಗಿದರು. ಅವಳು ಗಡಿಗೆಯನ್ನು ಗುರುಗಳ ಮುಂದಿನ ಮೆಟ್ಟಿಲ ಮೇಲೆ ಇಳಿಸಿದಳು.

"ತಾವು ಕೊಟ್ಟಿದ್ದು ಇದು ಬುದ್ಧಿ. ಬೇರು ಕಡದು, ತೂತಿಲ್ಲದ ಕುಂಡದಾಗಿಟ್ಟು, ಹಿಂಡಿ ಹಾಕಿ, ಹಾಲು ಹೊಯ್ದು ಕೊಳೆಸಿದ್ರು. ಆಮ್ಯಾಲೆ ನಾನು ಹೊರಗಾದಾಗ ಮುಟ್ಟೀನಿ, ಅದಕ್ಕ ಸತ್ತಿತು ಅಂದ್ರು. ಇದಽ ಪಡಸಾಲ್ಯಾಗ, ಎಂಟು ಮಂದಿ ಮುಂದ. ಹಂಗಾದ್ರ ನಾಲ್ಕು ತಿಂಗಳು ದಿನಾ ನಾನಽ ಮುಟ್ಟೀನಿ. ಹೆಂಗ ಚಿಗುರಿತು? ಕೇಳ್ರಿ ಅವರನ್ನ."

"ಯಾರಲ್ಲಿ, ಆಕಿನ್ನ ಹೊರಗ ಕಳಸ್ರಿ! ಪೂಜಿ ಹೊತ್ತಿನ್ಯಾಗ ಎಂಥಾ ಮಾತು!" ಎಂದು ಅಕ್ಕನಾಗಮ್ಮ ಎದ್ದು ನಿಂತರು.

ಗುರುಗಳು ಕೈಯೆತ್ತಿ ತಡೆದರು. ಗಡಿಗೆಯನ್ನೂ ಕುಂಡವನ್ನೂ ನೋಡಿದರು. ಅವರ ಮುಖದಲ್ಲಿ ಗೊಂದಲವಿತ್ತು. "ನಾನು ಕೊಟ್ಟದ್ದೇ? ಕೊಟ್ಟಿರಬಹುದು. ಹೋದ ಹೋದ ಊರಿನಲ್ಲಿ ಸಸಿ ಕೊಡುತ್ತೇನಮ್ಮ. ನನಗೆ ನೆನಪಿಲ್ಲ."

ಪಕೀರಮ್ಮ ಗುರುಗಳ ಮುಖ ನೋಡಿದಳು. ನೆನಪೇ ಇಲ್ಲ! ಅಂದರೆ ಯಾವ ಮಾತಿಗಾಗಿ ಸಾಹುಕಾರರು ಮುಂಬಯಿಯಿಂದ ಕುಂಡ ಹೊತ್ತು ತಂದರೋ, ಯಾವ ಗಿಡಕ್ಕಾಗಿ ಅವಳ ಮಾನ ಬೀದಿಗೆ ಬಿತ್ತೋ, ಅದನ್ನು ಹೇಳಿದವರೇ ಮರೆತಿದ್ದರು.

ಗುರುಗಳು ಮೆಲ್ಲಗೆ ಮುಂದುವರಿಸಿದರು. "ಲಿಂಗ ಕಟ್ಟಿದವರಿಗೆ ಮುಟ್ಟಿನ ಸೂತಕವಿಲ್ಲ ಎಂದು ನಮ್ಮ ಹಿರಿಯರು ಎಂದೋ ಹೇಳಿದ್ದಾರೆ. ಈ ಮನೆಯಲ್ಲಿ ಆ ಮಾತು ಯಾಕೆ ಬಂತು?"

"ನಾವು ಲಿಂಗ ಕಟ್ಟಿದೋರಲ್ಲ ಬುದ್ಧಿ. ಕುರಿ ಮಂದಿ. ನಮಗ ಹೆಂಗ?"

"ಗಿಡಕ್ಕೆ ಅದೆಲ್ಲ ತಿಳಿಯುವುದಿಲ್ಲವಮ್ಮ" ಎಂದರು ಗುರುಗಳು.

"ಗಿಡಕ್ಕ ತಿಳಿಯಂಗಿಲ್ಲ, ಮಂದಿಗೆ ತಿಳಿತೈತಲ್ರಿ. ನನ್ನ ಮ್ಯಾಲೆ ಹೊರಸಿದ್ದು ಸುಳ್ಳು. ಅದು ಸುಳ್ಳು ಅಂತ ಗೊತ್ತಿದ್ದೋರು ಈ ಮನಿಯಾಗ ಅದಾರ."

ಹೇಳಿ ಅವಳು ಒಳಬಾಗಿಲ ಕಡೆ ನೋಡಿದಳು. ಗುರುಶಾಂತಮ್ಮ ಅವತ್ತು ನಿಂತಿದ್ದ ಜಾಗದಲ್ಲೇ, ಕೈಯಲ್ಲಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಅವರು ಪಡಸಾಲೆಗೆ ಬಂದರು. ಮದುವೆಯಾಗಿ ಬಂದ ಮೇಲೆ ಗಂಡಸರು ಕೂತಾಗ ಅವರು ಆ ಹೊಸ್ತಿಲು ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

"ಪಕೀರಮ್ಮಗ ಮುಟ್ಟು ನಿಂತು ಮೂರು ವರ್ಷ ದಾಟೇತಿ" ಎಂದರು. ದನಿ ಸಣ್ಣದಿತ್ತು, ಆದರೆ ಎಲ್ಲರಿಗೂ ಕೇಳಿಸಿತು. "ನನಗೂ ನಿಂತೇತಿ. ಇಬ್ಬರಿಗೂ ಒಂದಽ ವರ್ಷ. ಅದು ನನಗ ಅವತ್ತೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತೆ. ಗಿಡ ಕೆಟ್ಟಿದ್ದು ಈ ಕುಂಡದಾಗ. ಕೆಡಸಿದೋರು ನಾವು."

ದಲಾಲನೊಬ್ಬ ಕೆಮ್ಮಿದ. ಸಿದ್ದಬಸಪ್ಪನವರ ಮುಖ ಕಿವಿಯ ತನಕ ಕೆಂಪಾಯಿತು. "ಒಳಗ ನಡಿ" ಎಂದರು ಹೆಂಡತಿಗೆ. ಗುರುಶಾಂತಮ್ಮ ಕದಲಲಿಲ್ಲ. ಸಾಹುಕಾರರು ಪಕೀರಮ್ಮನ ಕಡೆ ತಿರುಗಿ, "ಆತು ಬಿಡು ಬೇ. ಏನೋ ಮಾತಿನ ಭರದಾಗ ಬಂತು. ನಾಳಿಂದ ಕೆಲಸಕ್ಕ ಬಾ. ಗಿಡ ಅಲ್ಲೇ ಇಡು, ಪೂಜಿಗೆ ನಾಲ್ಕು ಪತ್ರಿ ಕೀಳು" ಎಂದರು.

"ಕೀಳಂಗಿಲ್ರಿ. ಇದಿನ್ನೂ ಎಳೇದು, ಈಗ ಕಿತ್ರ ಮತ್ತ ಸಾಯತೈತಿ" ಎಂದಳು ಪಕೀರಮ್ಮ. "ಭರದಾಗ ಬಂದ ಮಾತಿಗೆ ನಾಲ್ಕು ತಿಂಗಳು ನನ್ನನ್ನ ಯಾರೂ ಹಿತ್ತಲಕ್ಕ ಬಿಟ್ಟಿಲ್ಲ. ತಪ್ಪಾತು ಅನ್ರಿ ಸಾವ್ಕಾರ್ರೆ. ಅವತ್ತು ಅಂದಷ್ಟಽ ಜೋರಾಗಿ ಅನ್ರಿ. ಗಿಡ ಇಟ್ಟು ಹೋಗ್ತೀನಿ."

ಸಿದ್ದಬಸಪ್ಪ ತುಟಿ ಬಿಚ್ಚಿದರು. ಸುತ್ತ ಕೂತವರನ್ನು ನೋಡಿದರು. ಮತ್ತೆ ಮುಚ್ಚಿದರು.

ಪಕೀರಮ್ಮ ಗುರುಗಳಿಗೆ ಕೈಮುಗಿದು, ಗಡಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಬಂದ ದಾರಿಯಲ್ಲೇ ಇಳಿದು ಹೋದಳು. ಯಾರೂ ತಡೆಯಲಿಲ್ಲ.

ವಾರದೊಳಗೆ ಊರೆಲ್ಲ ಆ ಮಾತೇ ಆಯಿತು. ಗುರುಲಿಂಗಮ್ಮ ತಾನೇ ಓಣಿಗೆ ಬಂದು, "ನಮ್ಮ ದಾಸವಾಳಕ್ಕ ಹುಳ ಬಿದ್ದಾವ ಪಕೀರವ್ವ, ಬಂದು ನೋಡು" ಎಂದಳು. ಪಕೀರಮ್ಮ ಎರಡು ದಿನ ಸತಾಯಿಸಿ ಹೋದಳು. ಸಾಹುಕಾರರ ಮನೆಯಿಂದ ಮರಿಬಸಪ್ಪ ಎರಡು ಸಲ ಬಂದ. ಒಮ್ಮೆ ಕೆಲಸಕ್ಕೆ ಕರೆಯಲು, ಇನ್ನೊಮ್ಮೆ ಒಂದು ಕುಬಸದ ಖಣ ಹಿಡಿದುಕೊಂಡು. ಎರಡು ಸಲವೂ ಅವಳು ಅವನನ್ನು ಬಾಗಿಲಿನಿಂದಲೇ ಕಳಿಸಿದಳು. "ಸಾವ್ಕಾರ್ರಿಗೆ ಬಾಯಿ ಐತಿ, ಕಾಲೂ ಅದಾವ" ಎಂದು ಹೇಳಿ ಕಳಿಸಿದಳು. ಸಿದ್ದಬಸಪ್ಪ ಬರಲಿಲ್ಲ. ಆ ಮಾತನ್ನು ಅವರು ಕೊನೆಗೂ ಆಡಲಿಲ್ಲ.

ಬಂದದ್ದು ಗುರುಶಾಂತಮ್ಮ. ಭಾದ್ರಪದದ ಒಂದು ಮಧ್ಯಾಹ್ನ, ಸಾಹುಕಾರರ ಹೆಂಡತಿ ಗಾಡಿ ಇಲ್ಲದೆ, ಜೊತೆಗೆ ಯಾರೂ ಇಲ್ಲದೆ, ಕುರುಬರ ಓಣಿಯಲ್ಲಿ ನಡೆದು ಬರುವುದನ್ನು ಜನ ಬಾಗಿಲು ಬಾಗಿಲಿನಿಂದ ನೋಡಿದರು. ಪತ್ರಿ ಗಿಡ ಅಂಗಳದ ಗಡಿಗೆಯಲ್ಲಿ ಕೈಯುದ್ದದ ಹಸಿರು ರೆಂಬೆ ಬಿಟ್ಟುಕೊಂಡಿತ್ತು. ಗುರುಶಾಂತಮ್ಮ ಅದನ್ನು ಮುಟ್ಟಲಿಲ್ಲ. ದೂರದಿಂದ ನೋಡಿದರು.

"ನಾನು ಆ ಮನಿಗೆ ಬರಂಗಿಲ್ರಿ ಅವ್ವಾರೆ" ಎಂದಳು ಪಕೀರಮ್ಮ, ಅವರು ಬಾಯಿ ತೆರೆಯುವ ಮೊದಲೇ. "ಗಿಡಾನೂ ಕೊಡಂಗಿಲ್ಲ."

"ಕರ್ಯಾಕ ಬಂದಿಲ್ಲ. ಗಿಡ ಕೇಳಾಕೂ ಬಂದಿಲ್ಲ."

"ಮತ್ಯಾಕ ಬಂದ್ರಿ?"

"ನೀನು ಅವತ್ತು ನನಗ ಏನೇನು ಅನಬೇಕಂತ ಮಾಡಿದ್ದಿ, ಅದನ್ನ ಅನ್ನಿಸಿಕೊಂಡು ಹೋಗಾಕ."

ಪಕೀರಮ್ಮ ಅವರ ಮುಖವನ್ನೇ ದಿಟ್ಟಿಸಿದಳು. "ನನಗಿನ್ನೂ ಸಿಟ್ಟು ಇಳಿದಿಲ್ರಿ" ಎಂದಳು.

"ಗೊತ್ತೈತಿ."

ಮೂಕಮ್ಮ ಕಂಬಳಿ ಹಾಸಿದಳು. ಗುರುಶಾಂತಮ್ಮ ಗೋಡೆಗೆ ಒರಗಿ ಕೂತರು. ಪಕೀರಮ್ಮ ಎದುರಿಗೆ ಕೂತು, ಆ ಸೋಮವಾರದಿಂದ ಶುರುಮಾಡಿ ಒಂದೂ ಬಿಡದೆ ಹೇಳಿದಳು. ದನಿ ಏರಿತು, ಕಣ್ಣಲ್ಲಿ ನೀರು ಬಂತು, ಮತ್ತೆ ದನಿ ಏರಿತು. ಗುರುಶಾಂತಮ್ಮ ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ, ಒಂದು ಸಲವೂ ಕಣ್ಣನ್ನು ನೆಲಕ್ಕೆ ಇಳಿಸಲಿಲ್ಲ.